ಪುಕ್ಕಲಣ್ಣ ಜೋಡಿಸಿದ ಕೊಲೆ

ಅಚ್ಚುಕೂಟದಲ್ಲಿ ನನ್ನನ್ನು ಎಲ್ಲರೂ ಕರಡಕ್ಕ ಎನ್ನುತ್ತಿದ್ದರು. ಕರಡು ತಿದ್ದುವುದು ನನ್ನ ಕೆಲಸ. ತಪ್ಪು ಕಂಡರೆ ಮೈಮೇಲೆ ಬೀಳುತ್ತೇನೆಂದು ಬೆನ್ನ ಹಿಂದೆ ಕರಡಿಯಕ್ಕ ಎನ್ನುತ್ತಿದ್ದುದೂ ನನಗೆ ಗೊತ್ತು. ನನ್ನ ಮೇಜಿನ ಎದುರು, ಕಿಟಕಿಯ ಬೆಳಕಿಗೆ ಮುಖ ಮಾಡಿ ದಿನವಿಡೀ ನಿಂತಿರುತ್ತಿದ್ದವನು ಪುಕ್ಕಲಣ್ಣ. ಸೀಸದ ಅಕ್ಷರಗಳನ್ನು ಮರದ ಗೂಡುಗಳಿಂದ ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವುದು ಅವನ ಕೆಲಸ. ಮೊಳೆ ಜೋಡಿಸುವುದೆಂದು ನಾವದನ್ನು ಕರೆಯುತ್ತಿದ್ದೆವು.

ಅವನಿಗೆ ಹೆದರಿಕೆ ಆಗದ ವಸ್ತು ಅಪರೂಪ. ಬೀದಿನಾಯಿ, ಮಿಂಚು, ಸಮವಸ್ತ್ರ ತೊಟ್ಟ ಯಾರೇ ಆಗಲಿ, ಅಂಚೆಯವನೂ ಸೇರಿದಂತೆ. ಕಾಗದ ಕತ್ತರಿಸುವ ಯಂತ್ರ ಧಡ್ ಎಂದಾಗಲೆಲ್ಲ ಅವನ ಹೆಗಲು ಕಿವಿಯವರೆಗೆ ಏರುತ್ತಿತ್ತು.

"ನಿನ್ನ ನೆರಳು ಕಂಡ್ರೂ ಹೆದರ್ತೀಯಾ ಮಾರಾಯ?" ಎಂದು ಒಮ್ಮೆ ಕೇಳಿದ್ದೆ.

"ಹಿಂದೆ ಬಂದ್ರೆ ಪರವಾಗಿಲ್ಲಕ್ಕ. ಮುಂದೆ ಬಂದಾಗ ಸ್ವಲ್ಪ ಕಷ್ಟ," ಎಂದಿದ್ದ. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ.

ಅವನಿಗೆ ಮದುವೆಯಾಗಿರಲಿಲ್ಲ. ತಾಯಿ ಹೆತ್ತು ಕಣ್ಣು ಮುಚ್ಚಿದ ಮೇಲೆ ಸಾಕಿದ್ದು ತಾಯಿಯ ಅಕ್ಕ, ದೊಡ್ಡಮ್ಮ. ಇಬ್ಬರೇ ಇರುವ ಪುಟ್ಟ ಮನೆ. ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆ ಮನೆಯೊಳಗೆ ನಡೆದ ಹೆಚ್ಚಿನ ಮಾತುಗಳನ್ನು ನಾನು ಕೇಳಿದ್ದಲ್ಲ. ಆಮೇಲೆ ಅವನೇ ಹೇಳಿದ್ದು.

ನಮ್ಮ ಅಚ್ಚುಕೂಟದಿಂದ ಒಂದು ವಾರಪತ್ರಿಕೆ ಹೊರಡುತ್ತಿತ್ತು. ಓದುವವರು ಕಡಿಮೆಯಾಗಿ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಅವರ ನೆರವಿಗೆ ಬಂದವರು ಟೀಚರಮ್ಮ. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಊರಿನ ಹಳೆಯ ಕಥೆಗಳನ್ನು ಕೆದಕುವುದೇ ಅವರಿಗೆ ಊಟ ನಿದ್ದೆ. "ಪತ್ತೇದಾರಿ ಕಾದಂಬರಿ ಬರೆದುಕೊಡ್ತೀನಿ. ಆದ್ರೆ ಪತ್ತೇದಾರ ಮಾತ್ರ ಕಲ್ಪನೆಯವನಲ್ಲ, ನಮ್ಮ ಕುದುರೆ ಡಾಕ್ಟರು," ಎಂದರು.

ಕುದುರೆ ಡಾಕ್ಟರೆಂದರೆ ನಮ್ಮ ಊರಿನಲ್ಲೇ ಬಾಳಿ ಹೋದವರು. ಅವರ ಅರ್ಧಾಕೃತಿಯ ಕಲ್ಲಿನ ಮೂರ್ತಿ ಆಸ್ಪತ್ರೆಯ ಮುಂದೆಯೇ ಇತ್ತು. ಕುದುರೆಯ ಮೇಲೆ ರೋಗಿಗಳ ಮನೆಗೆ ಹೋಗುತ್ತಿದ್ದರಂತೆ, ಯಾರಾದರೂ ಹಠಾತ್ತನೆ ಸತ್ತರೆ ಪೊಲೀಸರು ಮೊದಲು ಕರೆಸುತ್ತಿದ್ದುದೂ ಅವರನ್ನೇ. ಅಂಥವರನ್ನು ಕಾದಂಬರಿಯೊಳಗೆ ನಡೆಸಿ ಕೊಲೆ ಪತ್ತೆ ಮಾಡಿಸಿದರೆ ಜನ ಬಿಡುತ್ತಾರೆಯೇ? ಯಜಮಾನರು ಕುಣಿದುಬಿಟ್ಟರು.

ಮೊದಲ ಅಧ್ಯಾಯದ ಹಸ್ತಪ್ರತಿ ಬಂದ ದಿನ ಮಧ್ಯಾಹ್ನ ನನ್ನ ಎದುರಿಗೆ ಸೀಸದ ಮೊಳೆಗಳು ಜಲಜಲನೆ ನೆಲಕ್ಕೆ ಸುರಿದವು. ತಲೆಯೆತ್ತಿ ನೋಡಿದೆ. ಪುಕ್ಕಲಣ್ಣ ಬರಿಗೈಯಲ್ಲಿ ನಿಂತಿದ್ದ. ಅಷ್ಟು ವರ್ಷಗಳಲ್ಲಿ ಅವನ ಕೈಯಿಂದ ಒಂದು ಸಾಲು ಜಾರಿದ್ದನ್ನು ನಾನು ಕಂಡಿರಲಿಲ್ಲ.

"ಏನಾಯ್ತೋ?"

"ಬಣ್ಣದ ಮನೆ," ಎಂದ. ಅಷ್ಟೇ. ಮುಖ ಸುಣ್ಣದ ಗೋಡೆಯಂತಾಗಿತ್ತು.

ಟೀಚರಮ್ಮ ಆರಿಸಿಕೊಂಡದ್ದು ಊರಲ್ಲಿ ನಡೆದ ನಿಜವಾದ ಸಾವನ್ನೇ. ಹಿಂದೆ ನೂಲಿಗೆ ಬಣ್ಣ ಹಾಕುವ ದೊಡ್ಡ ಕಾರ್ಖಾನೆಯೊಂದಿತ್ತು. ಜನ ಅದನ್ನು ಬಣ್ಣದ ಮನೆ ಎನ್ನುತ್ತಿದ್ದರು. ಅದರ ಧಣಿ ಒಂದು ರಜೆಯ ದಿನ ನೀಲಿ ಬಣ್ಣದ ತೊಟ್ಟಿಯಲ್ಲಿ ಹೆಣವಾಗಿ ಸಿಕ್ಕಿದ್ದ. ಕಾಲು ಜಾರಿ ಬಿದ್ದ ಸಾವು ಎಂದು ಕುದುರೆ ಡಾಕ್ಟರೇ ಬರೆದುಕೊಟ್ಟಿದ್ದರು. ಆದರೆ ಆ ದಿನ ಬಾಗಿಲಿಗೆ ಹೊರಗಿನಿಂದ ಅಗುಳಿ ಬಿದ್ದಿತ್ತೆಂದು ಕಾವಲುಗಾರನ ಮನೆಯವರು ಮಾತನಾಡಿಕೊಳ್ಳುತ್ತಿದ್ದರು. ಟೀಚರಮ್ಮನಿಗೆ ಆ ಅಗುಳಿಯೊಂದು ಸಾಕಾಯಿತು. ಅವರ ಕಾದಂಬರಿಯಲ್ಲಿ ಅದು ಕೊಲೆ.

ಪುಕ್ಕಲಣ್ಣನ ಮೈ ನಡುಗಿದ್ದಕ್ಕೆ ಕಾರಣ ಬೇರೆ ಇತ್ತು. ಅವನು ಚಿಕ್ಕವನಿದ್ದಾಗ ದೊಡ್ಡಮ್ಮನಿಗೆ ಒಮ್ಮೆ ವಿಪರೀತ ಜ್ವರ ಬಂದಿತ್ತು. ಜ್ವರದ ತಾಪದಲ್ಲಿ ಅವರು ಹಾಸಿಗೆಯಿಂದೆದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಅಗುಳಿ ಹಾಕು, ಬೇಗ ಹಾಕು! ಅವನು ಎದ್ದು ಬರ್ತಿದಾನೆ. ನೋಡು, ಮೈಯೆಲ್ಲ ನೀಲಿ," ಎಂದು ಚೀರಿದ್ದರು. ಅವರ ಮನೆಗೆ ನೀಲಿ ಬಟ್ಟೆ ಬರುತ್ತಿರಲಿಲ್ಲ. ಬಣ್ಣದ ಮನೆಯಿದ್ದ ಬೀದಿಗೆ ದೊಡ್ಡಮ್ಮ ಕಾಲಿಡುತ್ತಿರಲಿಲ್ಲ. ಸುತ್ತು ಬಳಸಿಯಾದರೂ ಬೇರೆ ದಾರಿಯಲ್ಲಿ ಹೋಗುತ್ತಿದ್ದರು. ಹರೆಯದಲ್ಲಿ ಅವರು ಅಲ್ಲಿ ನೂಲು ತೊಳೆಯುವ ಕೆಲಸಕ್ಕಿದ್ದರು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಮಿಕ್ಕಿದ್ದನ್ನು ಅವನು ಕೇಳಿರಲಿಲ್ಲ. ಕೇಳಲು ಹೆದರಿಕೆ.

ಈಗ ಸತ್ತ ಡಾಕ್ಟರು ವಾರವಾರವೂ ಎದ್ದು ಬಂದು ಹುಡುಕಾಟ ಶುರುಮಾಡಿದ್ದರು. ಅವರು ಮುಂದಿಡುವ ಹೆಜ್ಜೆಯನ್ನು ಇವನೇ ತನ್ನ ಕೈಯಾರೆ ಜೋಡಿಸಬೇಕಿತ್ತು.

ಪತ್ರಿಕೆ ಬಿಸಿ ಬಿಸಿಯಾಗಿ ಖರ್ಚಾಗತೊಡಗಿತು. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ನಲ್ಲಿಯ ಹತ್ತಿರ, ಎಲ್ಲೆಲ್ಲೂ ಅದೇ ಮಾತು. ಪಕ್ಕದ ಮನೆಯಾಕೆ ಗಂಡನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದುದು ಗೋಡೆಯಾಚೆಯಿಂದ ದೊಡ್ಡಮ್ಮನ ಕಿವಿಗೆ ಬಿತ್ತು.

"ನೀನು ಜೋಡಿಸೋ ಪತ್ರಿಕೇಲಿ ಕುದುರೆ ಡಾಕ್ಟರ ಕಥೆ ಬರ್ತಿದೆಯಂತೆ. ನಂಗ್ಯಾಕೆ ಹೇಳಿಲ್ಲ?"

"ಏನೋ ಬರೀತಾರೆ ದೊಡ್ಡಮ್ಮ. ಸುಮ್ನೆ ಬುರುಡೆ."

"ಬುರುಡೆ ಆದ್ರೂ ಓದು."

ಅವನು ಓದಿದ. ಬಣ್ಣದ ಮನೆ ಎಂದಿದ್ದಲ್ಲಿ ಕಾರ್ಖಾನೆ ಎಂದ, ತೊಟ್ಟಿ ಎಂದಿದ್ದಲ್ಲಿ ಬಾವಿ ಎಂದ, ಅಗುಳಿಯ ಸುದ್ದಿಯನ್ನು ನುಂಗಿದ. ದೊಡ್ಡಮ್ಮ ತಲೆ ಬಗ್ಗಿಸಿ ಕೇಳುತ್ತಿದ್ದರು. ಮುಗಿದ ಮೇಲೆ, "ಪಕ್ಕದ ಮನೆಯವಳು ಓದಿದ್ದು ಹೀಗಿರ್ಲಿಲ್ಲ," ಎಂದಷ್ಟೇ ಹೇಳಿ ಎದ್ದುಹೋದರು.

ಅಂದಿನಿಂದ ಅವನು ತನ್ನನ್ನು ಸಾಕಿದ ಕೈಗಳನ್ನೇ ನೋಡುತ್ತಾ ಕೂರುತ್ತಿದ್ದನಂತೆ. ಈ ಕೈ ಹಾಗೆ ಮಾಡಿರಬಹುದೇ ಎಂದುಕೊಳ್ಳುವುದು, ಹಾಗೆಂದುಕೊಂಡೆನಲ್ಲಾ ಎಂದು ತಲೆ ಚಚ್ಚಿಕೊಳ್ಳುವುದು. ಬಾಗಿಲು ಯಾರು ತಟ್ಟಿದರೂ ಪೊಲೀಸರೇ ಎಂದು ಎದೆ ಹಾರುತ್ತಿತ್ತು. ಹಾಲಿನವಳಿಗೂ ಕಿಟಕಿಯ ಸಂದಿಯಿಂದ ನೋಡಿಯೇ ಬಾಗಿಲು ತೆಗೆಯುತ್ತಿದ್ದ.

ಒಂದು ವಾರ ಕರಡಿನಲ್ಲಿ ವಿಚಿತ್ರ ತಪ್ಪು ಕಂಡಿತು. ತೊಟ್ಟಿಯ ಹತ್ತಿರ ಕೆಲಸದ ಹುಡುಗಿಯೊಬ್ಬಳು ಅಳುತ್ತ ನಿಂತಿದ್ದಳೆಂದು ಟೀಚರಮ್ಮ ಬರೆದಿದ್ದರು. ಅಚ್ಚಿನಲ್ಲಿ ಅದು ಹುಡುಗ ಆಗಿತ್ತು. ಒಂದು ಕಡೆಯಲ್ಲ, ಆ ಪುಟದುದ್ದಕ್ಕೂ. ಹುಡುಗ ನಿಂತಿದ್ದ, ಹುಡುಗ ಅಳುತ್ತಿದ್ದ. ಕ್ರಿಯಾಪದಗಳನ್ನೂ ಬಿಡದೆ ತಿದ್ದಿದ್ದ!

"ಇದು ಕೈತಪ್ಪಲ್ಲ," ಎಂದೆ. "ಏನಿದು?"

ಅವನು ಸುತ್ತ ನೋಡಿ ಪಿಸುಗುಟ್ಟಿದ. "ಹಾಗೇ ಬಿಟ್ಬಿಡಕ್ಕ. ನಿನ್ನ ಕಾಲಿಗೆ ಬೀಳ್ತೀನಿ."

"ಯಾಕೆ?"

ನಾನು ಕೆಂಪು ಪೆನ್ನಿನಿಂದ ಎಲ್ಲವನ್ನೂ ಸರಿಪಡಿಸಿ ಹಾಳೆಯನ್ನು ಮರಳಿ ಕೊಟ್ಟೆ. ಅವನು ಮೊಳೆಗಳನ್ನು ಬದಲಿಸುವಾಗ ಸಾಲು ಕಟ್ಟುವ ಕಬ್ಬಿಣದ ಪಟ್ಟಿ ಅವನ ಕೈಯಲ್ಲಿ ಕಟಕಟ ಸದ್ದು ಮಾಡುತ್ತಿದ್ದುದು ನನ್ನ ಮೇಜಿನವರೆಗೂ ಕೇಳುತ್ತಿತ್ತು.

ಆಮೇಲೆ ಕೊಲೆಗಾರ ಯಾರೆಂದು ಹೊರಬಿದ್ದ ಅಧ್ಯಾಯ ಬಂತು. ಕುದುರೆ ಡಾಕ್ಟರು ಕೈತೋರಿಸಿದ್ದು ಬಣ್ಣದ ಮನೆಯ ಗುಮಾಸ್ತನ ಕಡೆ. ಬಾಗಿಲ ಬೀಗದ ಕೈ ಇರುತ್ತಿದ್ದುದು ಅವನ ಸೊಂಟದಲ್ಲಿ, ಆದ್ದರಿಂದ ಅಗುಳಿ ಹಾಕಿದ್ದೂ ಅವನೇ, ಎಂಬುದು ಟೀಚರಮ್ಮನ ತರ್ಕ. ಪುಕ್ಕಲಣ್ಣ ಹಸ್ತಪ್ರತಿಯನ್ನು ನಿಂತಲ್ಲೇ ಓದಿದವನು ನಕ್ಕುಬಿಟ್ಟ. ಕೆಲಸದ ಮಧ್ಯೆ ಅವನು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಆ ದಿನ ಎಲ್ಲರಿಗೂ ಚಹಾ ತರಿಸಿದ.

ಆದರೆ ಆ ಗುಮಾಸ್ತನೂ ಊರಲ್ಲಿ ನಿಜವಾಗಿ ಬದುಕಿದ್ದವನೇ. ಅವನು ಸತ್ತಿದ್ದ, ನಿಜ, ಆದರೆ ಮಗಳಿದ್ದಳು. ಪೇಟೆ ಬೀದಿಯಲ್ಲಿ ಗುಂಡಿ, ದಾರ, ಸೂಜಿ ಮಾರುವ ಅಂಗಡಿಯಾಕೆ. ಗುಂಡಿಯಕ್ಕ ಎಂದರೆ ಎಲ್ಲರಿಗೂ ಗೊತ್ತು. ಪತ್ರಿಕೆ ಹೊರಬಿದ್ದ ಮರುದಿನದಿಂದಲೇ ಅಂಗಡಿಯ ಮುಂದೆ ಜನ ನಿಂತು ಒಳಗೆ ಇಣುಕಿ ಹೋಗತೊಡಗಿದರು, ಯಾರೂ ಏನನ್ನೂ ಕೊಳ್ಳುತ್ತಿರಲಿಲ್ಲ. ಆಮೇಲೆ ಯಾರೋ ಬಾಗಿಲ ಮೇಲೆ ನೀಲಿ ಬಣ್ಣ ಎರಚಿದರು. ಅದಾದ ಮೇಲೆ ಹಾಡಹಗಲಲ್ಲೇ ಗಾಜಿಗೆ ಕಲ್ಲು ಬಿತ್ತು. ನಾನು ನೋಡಲು ಹೋದಾಗ ಗುಂಡಿಯಕ್ಕ ನೆಲದ ಮೇಲೆ ಕೂತು ಗಾಜಿನ ಚೂರುಗಳ ನಡುವಿನಿಂದ ಗುಂಡಿಗಳನ್ನು ಆರಿಸುತ್ತಿದ್ದಳು. ಬೀದಿಯಲ್ಲಿ ಯಾರೋ ಕೆಮ್ಮಿದರು. ಅವಳು ತಲೆಯ ಮೇಲೆ ಎರಡೂ ಕೈ ಅಡ್ಡಹಿಡಿದಳು.

ಪುಕ್ಕಲಣ್ಣನ ನಗು ಅಲ್ಲಿಗೇ ಬತ್ತಿಹೋಯಿತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ದೊಡ್ಡಮ್ಮ, ಬಿಡದಿದ್ದರೆ ಗುಂಡಿಯಕ್ಕ. ಅವನು ಬಿಡದಿರುವುದನ್ನೇ ಆರಿಸಿಕೊಂಡಿದ್ದ.

ಆ ವಾರ ಊಟಕ್ಕೆ ಕೂತಾಗ ದೊಡ್ಡಮ್ಮ ಕೇಳಿದರು. "ಡಾಕ್ಟರು ಕೊನೆಗೆ ಯಾರನ್ನ ಹಿಡಿದ್ರು?"

ಸುಳ್ಳು ಹೇಳಲು ಅವನಿಗೆ ಯಾವ ಹೆಸರೂ ಹೊಳೆಯಲಿಲ್ಲ. "ಗುಮಾಸ್ತರನ್ನ," ಎಂದ.

ದೊಡ್ಡಮ್ಮನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಯಾರು? ಅವರು ಅವತ್ತು ಊರಲ್ಲೇ ಇರ್ಲಿಲ್ವಲ್ಲೋ!"

ಅಡುಗೆಮನೆಯ ಹೊಸಿಲ ಮೇಲೆ ಬಿಸಿಲು ಬಿದ್ದಿತ್ತು. ಅಲ್ಲಿ ಕೂತು ದೊಡ್ಡಮ್ಮ ಹೇಳಿದರು.

ಅಂದು ರಜೆ. ಒಣಗಿದ ನೂಲನ್ನು ಮಡಚಿಡಬೇಕೆಂದು ಧಣಿ ಅವರೊಬ್ಬರನ್ನೇ ಕರೆಸಿದ್ದ. ಒಳಗೆ ಹೋದ ಮೇಲೆ ಮಣಿಕಟ್ಟು ಹಿಡಿದ. ಕೊಸರಿಕೊಂಡು ಓಡಿದರು. ನೆಲದಲ್ಲಿ ತೋಡಿದ ತೊಟ್ಟಿಗಳು, ಒಂದೊಂದರ ಮೇಲೂ ದಾಟಲು ಒಂದು ಹಲಗೆ. ಇವರು ಹಗುರ ಮೈಯ ಹುಡುಗಿ, ದಾಟಿಬಿಟ್ಟರು. ಹಿಂದೆ ಬಂದವನ ಕಾಲ ಕೆಳಗೆ ಹಲಗೆ ಮಗುಚಿತು. ತೊಟ್ಟಿ ಆಳ, ಗೋಡೆ ನುಣುಪು, ಹಿಡಿಯಲು ಏನೂ ಇಲ್ಲ.

"ಕೂಗಿದ. ನಾನು ಅಲ್ಲೇ ನಿಂತಿದ್ದೆ. ನೂಲು ಎತ್ತೋ ಕೋಲು ನನ್ನ ಕೈಗೆ ಎಟುಕೋ ಹಾಗೇ ಇತ್ತು ಮಗಾ. ಮುಟ್ಟಲಿಲ್ಲ. ಆಮೇಲೆ ಹೊರಗೆ ಬಂದು ಅಗುಳಿ ಹಾಕ್ದೆ. ಎದ್ದು ಬಂದ್ರೆ ಅಂತ."

"ಡಾಕ್ಟರು?"

"ಅವರು ಅವತ್ತೇ ಕಂಡುಹಿಡಿದ್ರು. ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ರು. ನನ್ನ ಬಟ್ಟೆ ಅಂಚಿಗೆ ಸಿಡಿದ ನೀಲಿ ಬಣ್ಣ ನೋಡಿದ್ರು, ಮಣಿಕಟ್ಟು ನೋಡಿದ್ರು. ಅದು ಊದಿಕೊಂಡಿತ್ತು. ಕೈಗೆ ಪಟ್ಟಿ ಕಟ್ಟೋ ನೆಪದಲ್ಲಿ ಪಕ್ಕಕ್ಕೆ ಕರ್ಕೊಂಡು ಹೋಗಿ, 'ಈ ಬಟ್ಟೆ ಸುಟ್ಟುಬಿಡು ಮಗಳೇ' ಅಂದ್ರು. ಅಷ್ಟೇ. ಅಗುಳಿ ವಿಷಯ ಕಾವಲುಗಾರ ಎತ್ತಿದಾಗ, ಗಾಳಿಗೆ ಬಿದ್ದಿರ್ಬೇಕು ಅಂತ ಬಾಯಿ ಮುಚ್ಚಿಸಿದ್ರು."

ಪುಕ್ಕಲಣ್ಣ ಅವರ ಕಾಲು ಹಿಡಿದುಕೊಂಡ. "ಯಾರಿಗೂ ಹೇಳ್ಬೇಡ ದೊಡ್ಡಮ್ಮ. ಜೈಲಿಗೆ ಹಾಕ್ತಾರೆ. ನಾನೊಬ್ಬನೇ ಈ ಮನೇಲಿ ಹೇಗಿರ್ಲಿ?"

"ಗುಮಾಸ್ತರ ಮಗಳ ಅಂಗಡಿಗೆ ಕಲ್ಲು ಬಿತ್ತು ಅಂತ ಪಕ್ಕದವಳು ಹೇಳಿದ್ಲು, ಯಾಕೆ ಅಂತ ಈಗ ತಿಳೀತು. ನಿಂಗೆ ಗೊತ್ತಿತ್ತಾ?"

ದೊಡ್ಡಮ್ಮ ಗೋಡೆ ಹಿಡಿದು ಎದ್ದು ಚಪ್ಪಲಿ ತಡಕಾಡಿದರು.

ಪೇಟೆ ಬೀದಿಗೆ ಹತ್ತಿರದ ದಾರಿ ಬಣ್ಣದ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಈಗ ಅದು ಗೋಣಿಚೀಲ ತುಂಬುವ ಗೋದಾಮು. ಕಣ್ಣು ಕಾಣದಿದ್ದರೂ ದೊಡ್ಡಮ್ಮನಿಗೆ ಜಾಗ ತಿಳಿಯಿತು. ಅವನ ತೋಳಿಗೆ ಉಗುರು ನೆಟ್ಟರು. ಇಬ್ಬರಲ್ಲಿ ಯಾರು ಯಾರನ್ನು ನಡೆಸಿಕೊಂಡು ಹೋದರೋ ಅವನಿಗೆ ನೆನಪಿಲ್ಲ. ಒಳಗಿನಿಂದ ಚೀಲ ಧೊಪ್ಪೆಂದು ಬಿದ್ದ ಸದ್ದಿಗೆ ಇಬ್ಬರೂ ಒಟ್ಟಿಗೇ ಕೂಗಿಕೊಂಡರಂತೆ.

ಗುಂಡಿಯಕ್ಕ ಎಲ್ಲವನ್ನೂ ನಿಂತೇ ಕೇಳಿದಳು. ಕೂರಿ ಎನ್ನಲಿಲ್ಲ. "ನಮ್ಮಪ್ಪ ಇದ್ದಾಗ ಬರ್ಬೇಕಿತ್ತು ನೀವು," ಎಂದಳು.

"ಅವರ ಮೇಲೆ ಅಪವಾದ ಬಂದಿದ್ದು ಈಗ ತಾನೇ ಅಮ್ಮ."

"ಬಂತಲ್ಲ. ನನ್ನ ಅಂಗಡೀಲಿ ನನ್ನೊಬ್ಬಳಿಗೆ ಹೇಳಿದ್ರೆ ಏನು ಬಂತು? ಅಚ್ಚಲ್ಲಿ ಬಂದಿದ್ದು ಅಚ್ಚಲ್ಲೇ ಹೋಗ್ಬೇಕು."

ಮರುದಿನ ಬೆಳಿಗ್ಗೆ ಪುಕ್ಕಲಣ್ಣ ನನ್ನ ಮೇಜಿನ ಮುಂದೆ ಬಂದು ನಿಂತ. ಕಣ್ಣುಗಳು ಕೆಂಡದಂತಾಗಿದ್ದವು. ಎಲ್ಲ ಹೇಳಿದ. ಹುಡುಗಿಯ ಆ ಪುಟವನ್ನು ಕೆಂಪು ಪೆನ್ನಿನಿಂದ ತಿದ್ದಿ ಕೊಟ್ಟವಳು ನಾನೇ ತಾನೆ. ಅವನನ್ನು ಕರೆದುಕೊಂಡು ಟೀಚರಮ್ಮನ ಮನೆಗೆ ಹೋದೆ.

ಟೀಚರಮ್ಮ ಮೊದಲು ಕೇಳಿದ್ದು, "ಬೇರೆ ಯಾರಿಗಾದ್ರೂ ಗೊತ್ತಾ?" ಎಂದು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಸತ್ತವರ ವಿಷಯ, ಯಾರಿಗೂ ನೋವಾಗಲ್ಲ ಅಂದ್ಕೊಂಡಿದ್ದೆ. ಡಾಕ್ಟರನ್ನ ಬುದ್ಧಿವಂತರು ಅಂತ ತೋರಿಸೋಕೆ ಹೋಗಿ ದಡ್ಡರನ್ನಾಗಿ ಮಾಡ್ಬಿಟ್ನಲ್ಲ." ಆಮೇಲೆ ಅವರೇ ದೊಡ್ಡಮ್ಮನ ಮನೆಗೆ ಬಂದು ಕೂತು ಮಾತನಾಡಿದರು. ಹುಡುಗಿ ಯಾರೆಂದು ತಿಳಿಯದ ಹಾಗೆ ಬರೆಯುತ್ತೇನೆಂದರೆ ದೊಡ್ಡಮ್ಮ ಒಪ್ಪಲಿಲ್ಲ. "ಅರ್ಧ ಹೇಳಿದ್ರೆ ಜನ ಇನ್ನೊಬ್ಬ ಹುಡುಗಿಯನ್ನ ಹುಡುಕ್ತಾರೆ. ಅಲ್ಲಿ ಕೆಲಸಕ್ಕಿದ್ದವರು ನಾನೊಬ್ಬಳೇ ಅಲ್ಲ," ಎಂದರು.

ಯಜಮಾನರು ಪೊಲೀಸು, ಕೋರ್ಟು, ಧಣಿಯ ಮನೆತನ ಎಂದು ಬೆವತುಹೋದರು. "ಕಡೆಯ ಅಧ್ಯಾಯ ಅಚ್ಚಾಗದಿದ್ರೆ ಜನ ನಿಮ್ಮ ಗಾಜು ಒಡೀತಾರೆ," ಎಂದು ನಾನು ಹೇಳಿದ ಮೇಲೆ ತಲೆಯಾಡಿಸಿದರು.

ಆ ಅಧ್ಯಾಯವನ್ನು ಬೇರೆ ಯಾರಾದರೂ ಜೋಡಿಸಲಿ ಎಂದೆ. ಪುಕ್ಕಲಣ್ಣ ಕೇಳಲಿಲ್ಲ. "ಬೇರೆಯವರ ಕೈಗೆ ಕೊಟ್ರೆ ಅವರು ನಡುವೆ ನಿಲ್ಲಿಸಿ ಮಾತಾಡ್ಕೋತಾರೆ. ಅದು ನಂಗೆ ಬೇಡ," ಎಂದ. ಗೂಡಿನ ಮುಂದೆ ನಿಂತ. ದೊಡ್ಡಮ್ಮನ ಹೆಸರಿನ ಅಕ್ಷರಗಳನ್ನು ಹೆಕ್ಕುವಾಗ ಅವನ ಹಲ್ಲು ಕಟಕಟ ಕಡಿಯುತ್ತಿತ್ತು. ನಡುವೆ ಹೊರಗೆ ಹೋಗಿ ವಾಂತಿ ಮಾಡಿಕೊಂಡು ಬಾಯಿ ತೊಳೆದು ಬಂದ. ಗುಮಾಸ್ತರು ಆ ದಿನ ಊರಲ್ಲಿರಲಿಲ್ಲ, ಅವರ ಮೇಲೆ ಹೊರಿಸಿದ್ದು ಲೇಖಕಿಯ ತಪ್ಪು ಎಂಬ ಸಾಲುಗಳನ್ನು ಯಾರೂ ಹೇಳದೆಯೇ ದಪ್ಪ ಅಕ್ಷರದಲ್ಲಿ ಹಾಕಿದ. ಕರಡು ನನ್ನ ಕೈಗೆ ಬಂದಾಗ ತಿದ್ದಲು ಒಂದು ಕೊಂಬೂ ಇರಲಿಲ್ಲ.

ಪತ್ರಿಕೆ ಹೊರಬಿದ್ದ ಮೇಲೆ ಅವನು ಕಾಯುತ್ತಾ ಕೂತ. ಪೊಲೀಸರು ಬಂದೇ ಬಂದರು. ಬಾಗಿಲು ತೆಗೆದವನು ಟೋಪಿ ಕಂಡದ್ದೇ ಹೊಸಿಲ ಮೇಲೆ ಮೂರ್ಛೆ ಬಿದ್ದ. ಬಂದ ಅಧಿಕಾರಿಯೇ ನೀರು ಚಿಮುಕಿಸಿ ಎಬ್ಬಿಸಬೇಕಾಯಿತು. "ನಾನಿನ್ನೂ ಏನೂ ಕೇಳೇ ಇಲ್ವಲ್ಲ ಮಾರಾಯ," ಎಂದರಂತೆ ಅವರು. ದೊಡ್ಡಮ್ಮ ಹೇಳಿದ್ದನ್ನೆಲ್ಲ ಬರೆದುಕೊಂಡು, ಮೇಲಿನವರನ್ನು ಕೇಳಿ ತಿಳಿಸುತ್ತೇವೆಂದು ಹೊರಟರು. ಆ ತಿಳಿಸುವಿಕೆ ಬರಲೇ ಇಲ್ಲ. ಬರಲಿಲ್ಲ ಎಂದು ನಮಗೆ ಈಗ ಗೊತ್ತು. ಆಗ ಪ್ರತಿ ಬೆಳಗೂ ಇವತ್ತು ಬರಬಹುದು ಎಂಬುದೇ.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಒಂದು ಕಾರು. ಮಧ್ಯಾಹ್ನಗಳಲ್ಲಿ ಮನೆಯೆದುರಿನ ರಸ್ತೆಯಾಚೆ ಬಂದು ನಿಲ್ಲುತ್ತಿತ್ತು. ಒಳಗೆ ಒಬ್ಬನೇ ಒಬ್ಬ ಗಂಡಸು. ಇಳಿಯುತ್ತಿರಲಿಲ್ಲ, ಮನೆಯನ್ನೇ ದಿಟ್ಟಿಸುತ್ತಿದ್ದ, ಹೋಗುತ್ತಿದ್ದ. ಧಣಿಯ ಮೊಮ್ಮಗನೆಂದು ಪಕ್ಕದಾಕೆ ಗುರುತಿಸಿದಳು. ಪುಕ್ಕಲಣ್ಣ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಉಳಿದ. ನಾನು ಜೊತೆಗಿರಲೆಂದು ಹೋಗುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಆತ ಕಾರಿನಿಂದಿಳಿದು ರಸ್ತೆ ದಾಟಿ ನೇರ ಒಳಗೆ ಬಂದ. ಒಳ್ಳೆಯ ಬಟ್ಟೆ, ನರೆತ ತಲೆ. ನನ್ನನ್ನೂ ಪುಕ್ಕಲಣ್ಣನನ್ನೂ ಕಂಡೂ ಕಾಣದವನಂತೆ ದೊಡ್ಡಮ್ಮನ ಮುಂದೆ ನಿಂತ. ಪುಕ್ಕಲಣ್ಣ ನನ್ನ ಕೈ ಹಿಡಿದ ಹಿಡಿತಕ್ಕೆ ಬೆರಳು ನೊಂದಿತು.

"ಒಂದೇ ಒಂದು ಕೇಳ್ಬೇಕು. ತಾತ ಕೂಗಿದ್ರಾ?"

"ಕೂಗಿದ್ರು."

"ಏನಂತ?"

ದೊಡ್ಡಮ್ಮ ಮುಖ ಎತ್ತಿದರು. "ನನ್ನ ಹೆಸರು. ಬೇರೆ ಏನಿಲ್ಲ. ಕೊನೇವರೆಗೂ ನನ್ನ ಹೆಸರೇ. ಅದಕ್ಕೆ ನನಗೆ ಯಾರು ಹೆಸರು ಹಿಡಿದು ಕರೆದ್ರೂ ಆಗಲ್ಲ."

ಆತ ಏನಾದರೂ ಮಾಡುತ್ತಾನೆಂದು ನನಗನ್ನಿಸಿತು. ಒಲೆಯ ಹತ್ತಿರದ ಇಕ್ಕಳದ ಮೇಲೆ ನನ್ನ ಕಣ್ಣಿತ್ತು. ಆತ ತಿರುಗಿ ಹೊರಟುಹೋದ. ಕಾರು ಮತ್ತೆ ಕಾಣಲಿಲ್ಲ. ಆದರೆ ಇನ್ನೂ ಎಷ್ಟೋ ತಿಂಗಳು ರಸ್ತೆಯಲ್ಲಿ ಯಾವ ಗಾಡಿ ನಿಂತರೂ ಪುಕ್ಕಲಣ್ಣನ ಉಸಿರು ನಿಲ್ಲುತ್ತಿತ್ತು. ಸುಳ್ಳೇಕೆ, ನನ್ನದೂ.

ಗುಂಡಿಯಕ್ಕನ ಅಂಗಡಿಗೆ ಹೊಸ ಗಾಜು ಬಂತು, ಗಿರಾಕಿಗಳೂ ಮರಳಿದರು. ದೊಡ್ಡಮ್ಮನನ್ನು ಅವಳು ಕ್ಷಮಿಸಿದಳೆಂದು ಹೇಳಲಾರೆ. ದಾರಿಯಲ್ಲಿ ಕಂಡರೆ ಚೆನ್ನಾಗಿದ್ದೀರಾ ಎನ್ನುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಟೀಚರಮ್ಮನ ಕಾದಂಬರಿ ಪುಸ್ತಕವಾಗಿ ಬಂತು. ದೊಡ್ಡಮ್ಮ ಅದನ್ನು ಮೊದಲಿನಿಂದ ಓದಿಸಿಕೊಂಡು, "ಡಾಕ್ಟರು ಇಷ್ಟೆಲ್ಲ ಮಾತಾಡ್ತಾನೇ ಇರ್ಲಿಲ್ಲ. ಇದರಲ್ಲಿ ಬಾಯಿ ಮುಚ್ಚೋದೇ ಇಲ್ವಲ್ಲ!" ಎಂದು ನಕ್ಕರಂತೆ. ಇನ್ನೊಂದಿಷ್ಟು ವರ್ಷ ಬದುಕಿ, ಒಂದು ಚಳಿಗಾಲದ ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ.

ಅವರು ಹೋದ ಮೇಲೆ ಪುಕ್ಕಲಣ್ಣ ಆ ಮನೆ ಬಿಟ್ಟು ಅಚ್ಚುಕೂಟದ ಹತ್ತಿರ, ಬೇಕರಿಯ ಮೇಲಿನ ಕೋಣೆಯೊಂದನ್ನು ಹಿಡಿದ. ಕೆಳಗೆ ಸದಾ ಜನ, ಜಗಳ, ಪಾತ್ರೆ ಸದ್ದು. ಇದೇನು ಗದ್ದಲದಲ್ಲಿ ಬಂದು ಬಿದ್ದೆ ಎಂದು ಕೇಳಿದೆ.

"ಇಲ್ಲಿ ಚೆನ್ನಾಗಿ ನಿದ್ದೆ ಬರುತ್ತಕ್ಕ," ಎಂದ. "ನಂಗೇನಾದ್ರೂ ಆದ್ರೆ ಯಾರಿಗಾದ್ರೂ ಕೇಳಿಸುತ್ತೆ."